ಕಾಳ್ಗಿಚ್ಚಿನೆದುರು ನಿಂತ ಬಡ ತರುಣರು



ಹಸಿದು ಬಂದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವು. ಅವನಿಗೊಂದು ಉದ್ಯೋಗವನ್ನು ಕಲಿಸಿ, ಅವನೇ ನಾಲ್ವರಿಗೆ ಅನ್ನವಿಕ್ಕುವಂತೆ ಮಾಡುವುದು ಅದಕ್ಕಿಂತಲೂ ಮಿಗಿಲಾದುದು. ಆದರೆ ಆ ಉದ್ಯೋಗವು ಪ್ರಾಣಾಪಾಯದ್ದಾದರೆ, ಅದನ್ನು ಕೊಟ್ಟವರ ಹೊಣೆ ಎಷ್ಟರಮಟ್ಟಿನದು? ಈ ಪ್ರಶ್ನೆಗೆ ಉತ್ತರವೀಯತಕ್ಕ ವೃತ್ತಾಂತವೊಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿರುವುದು.

1929ರಲ್ಲಿ ಆ ದೇಶದ ವ್ಯಾಪಾರ ವ್ಯವಹಾರಗಳು ಕುಸಿದುಬಿದ್ದವು. 1933ರ ಹೊತ್ತಿಗೆ ದುಡಿಯಬಲ್ಲ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಅತ್ತ ಅರಣ್ಯಗಳು ಮಿತಿಮೀರಿದ ಕಡಿತದಿಂದಲೂ ಬೆಂಕಿಯಿಂದಲೂ ಬೋಳಾಗುತ್ತಿದ್ದವು. ಆ ವರ್ಷ ಅಧ್ಯಕ್ಷ ಪದವಿಗೇರಿದ ಫ್ರಾಂಕ್ಲಿನ್ ರೂಸ್‌ವೆಲ್ಟರು ಕೆಲಸವಿಲ್ಲದ ಕೈಗಳನ್ನು ಕಾಡಿನ ಸೇವೆಗೆ ಹಚ್ಚಲೆಣಿಸಿ, ನಾಗರಿಕ ಸಂರಕ್ಷಣಾ ದಳವನ್ನು ಸ್ಥಾಪಿಸಿದರು. ಆರಂಭದಲ್ಲಿ 18ರಿಂದ 25 ವರ್ಷದೊಳಗಿನ, ಅವಿವಾಹಿತರಾದ, ಬಡ ಕುಟುಂಬಗಳ ತರುಣರನ್ನು ಅದಕ್ಕೆ ಸೇರಿಸಿಕೊಂಡರು. ತಿಂಗಳ ಸಂಬಳ 30 ಡಾಲರು. ಅದರಲ್ಲಿ ಸುಮಾರು 25 ಡಾಲರು ನೇರವಾಗಿ ತಂದೆತಾಯಿಗಳ ಮನೆಗೆ ಹೋಗುತ್ತಿತ್ತು.

ಹಗಲು ಅವರು ಸಸಿಗಳನ್ನು ನೆಟ್ಟರು, ಕಾಡಿನೊಳಗೆ ದಾರಿಗಳನ್ನು ಕಡಿದರು, ಬೆಂಕಿಯನ್ನು ದೂರದಿಂದಲೇ ಕಾಣುವುದಕ್ಕೆ ಕಾವಲು ಗೋಪುರಗಳನ್ನು ಕಟ್ಟಿದರು. ರಾತ್ರಿ ಶಿಬಿರದಲ್ಲಿ ಪಾಠವಾಗುತ್ತಿತ್ತು. ಅಕ್ಷರವರಿಯದೆ ಬಂದ ಸಾವಿರಾರು ಮಂದಿ ಅಲ್ಲಿ ಓದುಬರಹ ಕಲಿತರು. 1942ರಲ್ಲಿ ದಳವು ಮುಗಿಯುವುದರೊಳಗೆ ಸುಮಾರು 30 ಲಕ್ಷ ತರುಣರು ಅದರಲ್ಲಿ ದುಡಿದಿದ್ದರು; ನೆಟ್ಟ ಗಿಡಗಳು ಸುಮಾರು 300 ಕೋಟಿ. ಇದರಲ್ಲಿ ಕಳಂಕವೂ ಇಲ್ಲದಿರಲಿಲ್ಲ. ಕರಿಯ ಜನಾಂಗದ ತರುಣರನ್ನು ಬಹುಮಟ್ಟಿಗೆ ಬೇರೆ ಶಿಬಿರಗಳಲ್ಲಿಟ್ಟರು. ಸ್ತ್ರೀಯರಿಗೆ ದಳದಲ್ಲಿ ಸ್ಥಾನವೇ ಇರಲಿಲ್ಲ. ಬೆಂಕಿಗಿಲ್ಲದ ಭೇದವನ್ನು ಮನುಷ್ಯರು ಎಣಿಸಿದರು.

ಕಾಳ್ಗಿಚ್ಚನ್ನು ಆರಿಸುವ ಕ್ರಮವು ನೀರೆರಚುವುದಷ್ಟೇ ಅಲ್ಲ. ಬೆಂಕಿಯ ದಾರಿಯಲ್ಲಿ ಹುಲ್ಲು, ತರಗು, ಬೇರುಗಳನ್ನು ಬರಿಯ ಮಣ್ಣು ಕಾಣುವವರೆಗೂ ಕೆರೆದು ಪಟ್ಟಿ ತೆಗೆಯಬೇಕು. ಸುಡತಕ್ಕ ವಸ್ತು ತೀರಿದಲ್ಲಿ ಬೆಂಕಿಯೂ ತೀರುವುದು. ಅದಕ್ಕೆ ಒಂದು ಬದಿ ಕೊಡಲಿಯೂ ಇನ್ನೊಂದು ಬದಿ ಗುದ್ದಲಿಯೂ ಆಗಿರುವ ಆಯುಧವುಂಟು. ಅದನ್ನು ಬೀಸುವುದಕ್ಕೆ ತೋಳ್ಬಲ ಸಾಕು. ಗಾಳಿಯ ತಿರುವನ್ನು ಅರಿಯುವುದಕ್ಕೆ ಶಿಕ್ಷಣ ಬೇಕು.

ಈ ಮಾತಿನ ಬೆಲೆಯು 1937ರ ಆಗಸ್ಟ್ 21ರಂದು ತಿಳಿಯಿತು. ವಯೋಮಿಂಗ್ ಸಂಸ್ಥಾನದ ಶೋಶೋನಿ ಅರಣ್ಯದಲ್ಲಿ ಸಿಡಿಲಿನಿಂದ ಹುಟ್ಟಿದ ಕಿಚ್ಚನ್ನು ಆರಿಸಲು ದಳದ ಹುಡುಗರು ಹೋಗಿದ್ದರು. ಮಧ್ಯಾಹ್ನ ಗಾಳಿಯು ಹಠಾತ್ತನೆ ಬಲಿಯಿತು, ಕಣಿವೆಯೆಲ್ಲ ಉರಿಯಿತು. ಹದಿನೈದು ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ದೂರದ ಟೆಕ್ಸಾಸಿನಿಂದ ಸಂಬಳವನ್ನರಸಿ ಬಂದ ಎಳೆಯರು. ಮನೆಗೆ ಹಣ ಕಳಿಸುತ್ತಿದ್ದ ಮಗನ ಬದಲು ಮರಣವಾರ್ತೆ ಬಂದಾಗ ಆ ತಾಯಂದಿರ ಎದೆ ಹೇಗಿದ್ದೀತೆಂಬುದನ್ನು ಹೇಳಬೇಕಾಗಿಲ್ಲ.

ಇಂತಹ ಹಲವು ದುರಂತಗಳನ್ನು ಪರಿಶೀಲಿಸಿ 1957ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯು ಹತ್ತು ನಿಯಮಗಳನ್ನು ಏರ್ಪಡಿಸಿತು. ಹವೆಯನ್ನು ತಿಳಿದಿರುವುದು, ಅಪಾಯದೆಡೆಗೆ ಕಾವಲುಗಾರನನ್ನು ನಿಲ್ಲಿಸುವುದು, ತಪ್ಪಿಸಿಕೊಳ್ಳುವ ದಾರಿಯನ್ನು ಎಲ್ಲರಿಗೂ ಮೊದಲೇ ತಿಳಿಸುವುದು ಮುಂತಾದವು ಅವುಗಳಲ್ಲಿವೆ. ಸತ್ತವರು ಬದುಕುವವರಿಗೆ ಬಿಟ್ಟುಹೋದ ಪಾಠಗಳಿವು.

ಶಿಕ್ಷಣದೊಡನೆ ನ್ಯಾಯವಾದ ವೇತನವೂ ಸಲ್ಲಬೇಕು. ದಕ್ಷಿಣ ಆಫ್ರಿಕದಲ್ಲಿ 2003ರಿಂದ ಕೆಲಸವಿಲ್ಲದ ಬಡ ತರುಣರಿಗೂ ತರುಣಿಯರಿಗೂ ಈ ವಿದ್ಯೆಯನ್ನು ಕಲಿಸುತ್ತ ಬಂದಿರುವರು. 2016ರಲ್ಲಿ ಅವರ ಪೈಕಿ ಸುಮಾರು 300 ಮಂದಿ ಕೆನಡಾ ದೇಶದ ಆಲ್ಬರ್ಟಾ ಪ್ರಾಂತಕ್ಕೆ ಹಾಡುತ್ತ ಕುಣಿಯುತ್ತ ಬಂದಿಳಿದು ಬೆಂಕಿಯೊಡನೆ ಹೋರಿದರು. ಆದರೆ ವೇತನದ ವಿಷಯದಲ್ಲಿ ವಿವಾದವುಂಟಾಗಿ ಅವಧಿಗೆ ಮುನ್ನವೇ ಮರಳಿದರು. ಬೆಂಕಿಗಂಜದವರು ಅನ್ಯಾಯಕ್ಕೆ ನೊಂದರು.

ಆದುದರಿಂದ ಸದ್ಭಕ್ತರೇ, ಬಡವರ ಮಕ್ಕಳಿಗೆ ಉದ್ಯೋಗ ಕೊಟ್ಟೆವೆಂಬಷ್ಟಕ್ಕೇ ತೃಪ್ತಿಪಡಲಾಗದು. ಕೈಗೆ ಕೊಡಲಿ ಕೊಡುವ ಮುನ್ನ ಕಣ್ಣಿಗೆ ಅರಿವನ್ನೂ, ದುಡಿದ ಮೇಲೆ ಮಡಿಲಿಗೆ ತಕ್ಕ ಪ್ರತಿಫಲವನ್ನೂ ಕೊಡುವುದು ನಾಡಿನ ಋಣವು. ಆ ಋಣವು ತೀರಿದಲ್ಲಿ ಕಾಡೂ ಉಳಿಯುವುದು, ಮನೆಯೂ ಉಳಿಯುವುದು.