ಬರ್ಬ್ಯಾಂಕ್‌ಗಿಂತ ಸಣ್ಣ ದೇಶ



ಭಾಷಣದ ವಿಷಯವನ್ನು ನಾವೇ ಆರಿಸಿಕೊಳ್ಳಬಹುದು ಎಂದು ಮೇಡಂ ಹೇಳಿದ್ದರು. ಸಣ್ಣ ದ್ವೀಪ ದೇಶದಲ್ಲಿ ಕಾಲೇಜು ಕಟ್ಟುವುದರ ಬಗ್ಗೆ ಮಾತಾಡುತ್ತೇನೆ ಎಂದಾಗ ಅಮ್ಮ, "ಅದಕ್ಕೂ ಕನ್ನಡ ಶಾಲೆಗೂ ಏನೋ ಸಂಬಂಧ?" ಎಂದರು. ಸಂಬಂಧ ಇದೆ. ಅದು ಉಡುಪಿಯ ಮೂಲಕ ಬರುತ್ತದೆ.

ನನ್ನ ಸೋದರತ್ತೆಯ ಮಗಳು ಸ್ಯಾನ್ ಡಿಯಾಗೋದಲ್ಲಿದ್ದಾಳೆ. ಆಗಸ್ಟ್‌ನಲ್ಲಿ ಮೆಡಿಕಲ್ ಓದಲು ಆಂಟಿಗುವಾಕ್ಕೆ ಹೊರಡುತ್ತಾಳೆ. ಸೀಟು ಸಿಕ್ಕಿದ ದಿನ ಎಲ್ಲರೂ ಅಭಿನಂದನೆ ಹೇಳಿದರು, ಆದರೆ ಸ್ವಲ್ಪ ದನಿ ತಗ್ಗಿಸಿ. "ಕೆರಿಬಿಯನ್ ಅಂತೆ." ನಮ್ಮ ಮನೆಗಳಲ್ಲಿ ಆ ಮಾತಿಗೆ ಒಂದೇ ಅರ್ಥ: ಇಲ್ಲಿ ಸೀಟು ಸಿಗದವರು ಹೋಗುವ ಜಾಗ. ಅಲ್ಲಿಯೂ ಹೈಸ್ಕೂಲು ಮುಗಿಸುವ ಮಕ್ಕಳಿದ್ದಾರೆ, ಅವರು ಮುಂದೆ ಎಲ್ಲಿ ಓದುತ್ತಾರೆ ಎಂದು ಯಾರೂ ಕೇಳಲಿಲ್ಲ. ನಾನು ಅದನ್ನು ಹುಡುಕುತ್ತಾ ಹೋದೆ.

ಆಂಟಿಗುವಾ ಮತ್ತು ಬಾರ್ಬುಡಾ 1981ರಲ್ಲಿ ಸ್ವತಂತ್ರವಾದ ದೇಶ. ಇಲ್ಲಿರುವ ಅಂಕಲ್‌ಗಳಿಗೆ ವಿವಿಯನ್ ರಿಚರ್ಡ್ಸ್ ಅವರ ಊರು ಎಂದರೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಬರ್ಬ್ಯಾಂಕ್‌ನಲ್ಲಿ 2020ರ ಜನಗಣತಿಯಂತೆ ಸುಮಾರು 1 ಲಕ್ಷ 7 ಸಾವಿರ ಜನ ಇದ್ದಾರೆ. ಆ ಇಡೀ ದೇಶದಲ್ಲಿ ಅದಕ್ಕಿಂತ ಕಡಿಮೆ. ಬರ್ಬ್ಯಾಂಕ್‌ಗೆ ತನ್ನದೇ ಆದ ಕಮ್ಯುನಿಟಿ ಕಾಲೇಜು ಇಲ್ಲ, ಅದು ನಮಗೆ ಒಂದು ಕೊರತೆ ಎಂದು ಅನ್ನಿಸುವುದೂ ಇಲ್ಲ. ಗ್ಲೆಂಡೇಲ್ ಪಕ್ಕದಲ್ಲೇ ಇದೆ, ವ್ಯಾಲಿ ಕಾಲೇಜು ಇದೆ, ನಾರ್ತ್‌ರಿಡ್ಜ್ ಇದೆ. ಆದರೆ ದ್ವೀಪದ ಪಕ್ಕದಲ್ಲಿ ಇರುವುದು ಸಮುದ್ರ.

ಹಾಗಾದರೆ ಇಷ್ಟು ಸಣ್ಣ ದೇಶಗಳು ಏನು ಮಾಡಿದವು? ಕ್ರಿಕೆಟ್‌ನಲ್ಲಿ ಮಾಡಿದ್ದನ್ನೇ ಮಾಡಿದವು. ವೆಸ್ಟ್ ಇಂಡೀಸ್ ಎಂಬ ಹೆಸರಿನ ದೇಶ ಇಲ್ಲ, ತಂಡ ಇದೆ. ಹಾಗೆಯೇ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯವೂ ಇದೆ. ಅದು 1948ರಲ್ಲಿ ಜಮೈಕಾದ ಮೋನಾದಲ್ಲಿ ಲಂಡನ್ ವಿಶ್ವವಿದ್ಯಾಲಯದ ಕೆಳಗಿನ ಒಂದು ಕಾಲೇಜಾಗಿ ಶುರುವಾಯಿತು. 1962ರವರೆಗೆ ಪದವಿ ಕೊಡುತ್ತಿದ್ದುದು ಲಂಡನ್. ಇದನ್ನು ಓದುವಾಗ ನನಗೆ ಮೈಸೂರು ನೆನಪಾಯಿತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ವಿಶ್ವವಿದ್ಯಾಲಯ ಸ್ಥಾಪಿಸುವ ಮೊದಲು ನಮ್ಮ ಕಾಲೇಜುಗಳೂ ಮದ್ರಾಸ್ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಮೊದಲ ಕುಲಪತಿ ಆರ್ಥರ್ ಲೂಯಿಸ್. ಸೇಂಟ್ ಲೂಸಿಯಾ ಎಂಬ ಇನ್ನೊಂದು ಪುಟ್ಟ ದ್ವೀಪದವರು, 1979ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಆದರೆ ಹಂಚಿಕೊಳ್ಳುವುದರಲ್ಲಿ ಒಂದು ತೊಂದರೆ ಇದೆ. ಕ್ಯಾಂಪಸ್‌ಗಳು ಬಂದದ್ದು ದೊಡ್ಡ ದ್ವೀಪಗಳಿಗೆ: ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್. ಆಂಟಿಗುವಾದಲ್ಲಿ ಒಂದು ಸ್ಟೇಟ್ ಕಾಲೇಜು ಇತ್ತು. ಕ್ಯಾಂಪಸ್‌ನಲ್ಲಿ ಕುಳಿತು ಈ ವಿಶ್ವವಿದ್ಯಾಲಯದ ಪೂರ್ತಿ ಪದವಿ ಓದಬೇಕಾದರೆ ವಿಮಾನ ಹತ್ತಬೇಕಿತ್ತು. ಹತ್ತಿರದ ಬಾರ್ಬಡೋಸ್ ಸುಮಾರು 500 ಕಿಲೋಮೀಟರ್. ಮನೆ ಬಾಡಿಗೆ, ಊಟ, ಟಿಕೆಟ್, ಎಲ್ಲಾ ಬೇರೆ.

ಈಗ ಉಡುಪಿಗೆ ಬರುತ್ತೇನೆ. ಅಕ್ಕ ಹೋಗುತ್ತಿರುವ ಊರಿನಲ್ಲಿ 2004ರಲ್ಲಿ ಅಮೆರಿಕನ್ ಯೂನಿವರ್ಸಿಟಿ ಆಫ್ ಆಂಟಿಗುವಾ ಎಂಬ ವೈದ್ಯಕೀಯ ಕಾಲೇಜು ಶುರುವಾಯಿತು. ಕೆಲವು ವರ್ಷಗಳ ನಂತರ ಅದನ್ನು ಕೊಂಡುಕೊಂಡವರು ಮಣಿಪಾಲದವರು! ಮೊದಲ ಎರಡು ವರ್ಷ ದ್ವೀಪದಲ್ಲಿ ಪಾಠ, ಆಮೇಲೆ ಅಮೆರಿಕದ ಆಸ್ಪತ್ರೆಗಳಲ್ಲಿ ತರಬೇತಿ. ಸ್ಥಳೀಯ ಮಕ್ಕಳೂ ಓದುತ್ತಾರೆ, ಆದರೆ ಬಹುಪಾಲು ಜನ ನಮ್ಮ ಅಕ್ಕನಂತೆ ಹೊರಗಿನಿಂದ ಬಂದವರು. ಕೆರಿಬಿಯನ್‌ನಲ್ಲಿ ಇಂಥ ಕಾಲೇಜುಗಳು ಹೊಸದಲ್ಲ. 1983ರಲ್ಲಿ ಗ್ರೆನೆಡಾದಲ್ಲಿ ಅಮೆರಿಕದ ಸೇನೆ ಇಳಿದಾಗ ರೇಗನ್ ಕೊಟ್ಟ ಕಾರಣಗಳಲ್ಲಿ ಒಂದು, ಅಲ್ಲಿ ಓದುತ್ತಿದ್ದ ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳ ರಕ್ಷಣೆ. ಇಂಥ ಕಾಲೇಜಿನಿಂದ ದ್ವೀಪಕ್ಕೆ ಲಾಭ ಇಲ್ಲ ಎಂದು ನಾನು ಹೇಳುವುದಿಲ್ಲ. ಮನೆ ಬಾಡಿಗೆ ಕೊಡುವವರಿಗೆ, ಟ್ಯಾಕ್ಸಿಯವರಿಗೆ, ಅಂಗಡಿಯವರಿಗೆ ಪ್ರವಾಸಿಗಳು ಬಾರದ ತಿಂಗಳುಗಳಲ್ಲೂ ದುಡ್ಡು ಬರುತ್ತದೆ.

ಹೊರಗಿನ ಮಕ್ಕಳ ಫೀಸಿನಿಂದ ಕಾಲೇಜು ನಡೆಸುವುದನ್ನು ಮಣಿಪಾಲ ಬಹಳ ಹಿಂದೆಯೇ ಮಾಡಿ ತೋರಿಸಿತ್ತು. ಡಾಕ್ಟರ್ ಟಿ. ಎಂ. ಎ. ಪೈ ಅವರು 1953ರಲ್ಲಿ ಆ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು, ಅದು ಖಾಸಗಿಯಾಗಿ ನಡೆದ ಮೆಡಿಕಲ್ ಕಾಲೇಜು. ದೂರದೂರದಿಂದ ವಿದ್ಯಾರ್ಥಿಗಳು ಬಂದರು. ಆದರೆ ಆ ತಾರೀಕುಗಳನ್ನು ಸ್ವಲ್ಪ ನೋಡಿ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್. 1949ರಲ್ಲಿ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು, ಅಂದರೆ ಸುತ್ತಲಿನ ಹಳ್ಳಿಗಳ ಮಕ್ಕಳು ಮನೆಯಿಂದಲೇ ಹೋಗಿ ಬಿ.ಎ., ಬಿ.ಎಸ್ಸಿ. ಓದಬಹುದಾದ ಜಾಗ. ಮೆಡಿಕಲ್ ಬಂದದ್ದು ಆಮೇಲೆ. ಆಂಟಿಗುವಾದಲ್ಲಿ ಇದು ತಿರುಗಾಮುರುಗಾ ಆಗಿದೆ. ಹೊರಗಿನವರಿಗೆ ಡಾಕ್ಟರ್ ಆಗುವ ಕಾಲೇಜು 2004ರಲ್ಲೇ ಬಂತು. ಅಲ್ಲಿಯ ಮಕ್ಕಳಿಗಾಗಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಫೈವ್ ಐಲೆಂಡ್ಸ್ ಕ್ಯಾಂಪಸ್ ತೆರೆದದ್ದು 2019ರಲ್ಲಿ, ಅದೂ ಹೈಸ್ಕೂಲಿಗೆಂದು ಕಟ್ಟಿದ್ದ ಕಟ್ಟಡದಲ್ಲಿ. ಮೊದಲ ವರ್ಷ ಮುಗಿಯುವ ಮೊದಲೇ ಕೋವಿಡ್ ಬಂತು.

ಇಷ್ಟು ಸಣ್ಣ ದೇಶಕ್ಕೆ ಒಂದು ಕ್ಯಾಂಪಸ್ ಯಾಕೆ, ಖರ್ಚು ಯಾರು ಕೊಡುತ್ತಾರೆ, ಓದಿದವರು ಹೇಗಿದ್ದರೂ ಬಿಟ್ಟು ಹೋಗುತ್ತಾರಲ್ಲ ಎಂದು ನಮ್ಮಪ್ಪ ಕೇಳಿದರು. ಅದು ನಿಜ. ಆ ದ್ವೀಪಗಳಲ್ಲಿ ಪದವಿ ಪಡೆದವರಲ್ಲಿ ದೊಡ್ಡ ಪಾಲು ಅಮೆರಿಕ, ಕೆನಡಾ, ಬ್ರಿಟನ್ ಸೇರುತ್ತಾರೆ. ಆದರೆ ಅಪ್ಪ, ಕೋಪ ಮಾಡಿಕೊಳ್ಳಬೇಡಿ, ನೀವು ದಾವಣಗೆರೆಯಲ್ಲಿ ಸರ್ಕಾರಿ ಸೀಟಿನಲ್ಲಿ ಇಂಜಿನಿಯರಿಂಗ್ ಓದಿದವರು. ಫೀಸು ಕಡಿಮೆ ಇತ್ತು, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ ಎಂದು ನೀವೇ ಹೇಳುತ್ತೀರಿ. ಈಗ ಬರ್ಬ್ಯಾಂಕ್‌ನಲ್ಲಿದ್ದೀರಿ. ಅದಕ್ಕಾಗಿ ದಾವಣಗೆರೆಯಲ್ಲಿ ಕಾಲೇಜು ಕಟ್ಟಬಾರದಿತ್ತು ಎಂದು ಯಾರೂ ಹೇಳುವುದಿಲ್ಲ. ನಿಮ್ಮ ತರಗತಿಯ ಜೊತೆಗಾರರು ಎಷ್ಟೋ ಜನ ಅಲ್ಲೇ ಇದ್ದಾರೆ, ಅಲ್ಲಿಯ ಸೇತುವೆ, ರಸ್ತೆ ಅವರ ಕೈಯಲ್ಲಿವೆ.

ಆಂಟಿಗುವಾದಲ್ಲೂ ಹಾಗೇ ಆಗಬಹುದು. ಕೆಲವರು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ. ಮೊದಲು ಓದಬೇಕಾದರೇ ಊರು ಬಿಡಬೇಕಿತ್ತು, ಹಣ ಇಲ್ಲದವರು ಓದನ್ನೇ ಬಿಡಬೇಕಿತ್ತು. ಈಗ ಮಗಳು ಬೆಳಿಗ್ಗೆ ಕ್ಲಾಸಿಗೆ ಹೋಗಿ ಸಂಜೆ ಮನೆಗೆ ಬಂದು ಊಟ ಮಾಡಬಹುದು. ಅಕ್ಕನಿಗೆ ಫೈವ್ ಐಲೆಂಡ್ಸ್‌ಗೂ ಒಂದು ದಿನ ಹೋಗಿ ಬಾ ಎಂದು ಹೇಳಿದ್ದೇನೆ. ಎರಡು ಕ್ಯಾಂಪಸ್‌ಗಳ ನಡುವೆ ಕಾರಿನಲ್ಲಿ ಹೋಗುವಷ್ಟೇ ದೂರ.