ಒಸಾಕಾದಲ್ಲಿ ಕೋಣೆ ಹಿಡಿಯುವ ಮುನ್ನ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿದೇಶದಲ್ಲಿ ಓದು, ತರಬೇತಿ, ಸಂದರ್ಶನ ಎಂದಾಗ ನಾವು ಸರ್ಟಿಫಿಕೇಟು, ವೀಸಾ, ವಿಮಾನದ ಟಿಕೆಟ್ ಎಲ್ಲವನ್ನೂ ಹತ್ತು ಸಲ ನೋಡುತ್ತೇವೆ. ಉಳಿಯುವ ಜಾಗದ ವಿಷಯ ಬಂದರೆ ಮಾತ್ರ ‘ಎಲ್ಲಿ ಅಗ್ಗವೋ ಅಲ್ಲಿ’ ಎಂದುಬಿಡುತ್ತೇವೆ. ನಾನೂ ಹಾಗೆಯೇ ಮಾಡಿದವನು. ಅದರಿಂದ ಕಲಿತದ್ದನ್ನು ನಿಮ್ಮ ಮುಂದಿಡಲು ಅಧ್ಯಕ್ಷರು ಹೇಳಿದ್ದಾರೆ.

ಕಂಪನಿಯ ತರಬೇತಿಗಾಗಿ ಮೊದಲ ಬಾರಿ ಜಪಾನಿನ ಒಸಾಕಾಗೆ ಹೊರಟಾಗ ದರ ನೋಡಿ ಒಂದು ಹೋಟೆಲ್ ಕಾಯ್ದಿರಿಸಿದೆ. ವಿಳಾಸದಲ್ಲಿ ‘ಒಸಾಕಾ’ ಎಂದಿತ್ತು, ನಿಶ್ಚಿಂತನಾದೆ. ಅಲ್ಲಿಗೆ ಹೋದ ಮೇಲೆ ತಿಳಿಯಿತು, ಒಸಾಕಾ ಎಂಬುದು ನಗರದ ಹೆಸರೂ ಹೌದು, ಸುತ್ತಲಿನ ಪ್ರಾಂತ್ಯದ ಹೆಸರೂ ಹೌದು. ಮೈಸೂರು ಜಿಲ್ಲೆಯೆಂದು ಎಚ್.ಡಿ. ಕೋಟೆಯಲ್ಲಿ ಕೋಣೆ ಹಿಡಿದು, ಬೆಳಿಗ್ಗೆ ಮೈಸೂರಿನ ಕಚೇರಿಗೆ ಓಡಿದಂತಾಯಿತು ನನ್ನ ಸ್ಥಿತಿ. ಎರಡು ಕಡೆ ರೈಲು ಬದಲಿಸಿ, ಉಮೇದಾ ನಿಲ್ದಾಣದ ನೆಲಮಾಳಿಗೆಯ ಅಂಗಡಿ ಸಾಲುಗಳಲ್ಲಿ ದಾರಿ ತಪ್ಪಿ, ಮೊದಲ ದಿನವೇ ಇಪ್ಪತ್ತು ನಿಮಿಷ ತಡವಾಗಿ ತಲುಪಿದೆ. ಯಾರೂ ಒಂದು ಮಾತೂ ಆಡಲಿಲ್ಲ. ತರಗತಿ ನಡೆಯುತ್ತಿತ್ತು, ನನ್ನ ಕುರ್ಚಿಯೊಂದೇ ಖಾಲಿ ಇತ್ತು. ಆ ಮೌನದ ಮುಂದೆ ಬೈಗುಳವೇ ವಾಸಿ ಎನಿಸಿತು. ನನಗೆ ಅದು ತರಬೇತಿ. ನಿಮಗೆ ಪ್ರವೇಶ ಸಂದರ್ಶನವಾಗಿದ್ದರೆ? ಉಳಿಸಿದ ಹಣ ಆ ಇಪ್ಪತ್ತು ನಿಮಿಷವನ್ನು ಮರಳಿ ಕೊಡುವುದಿಲ್ಲ.

ಆದ್ದರಿಂದ ನನ್ನ ಮೊದಲ ಮಾತು: ಹೋಟೆಲಿಗಿಂತ ಮುಂಚೆ ರೈಲು ಮಾರ್ಗವನ್ನು ಆರಿಸಿ. ನಿಮ್ಮ ಕೆಲಸದ ಜಾಗ ಯಾವ ಮಾರ್ಗದಲ್ಲಿದೆ ನೋಡಿ, ಅದೇ ಮಾರ್ಗದ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ ಕೋಣೆ ಹುಡುಕಿ. ಒಸಾಕಾ ನಗರದ ಬೆನ್ನೆಲುಬು ಎಂದರೆ ಕೆಂಪು ಬಣ್ಣದ ಮಿದೊಸುಜಿ ಮೆಟ್ರೋ ಮಾರ್ಗ. ಅದರ ಮೊದಲ ಭಾಗ ತೆರೆದದ್ದು 1933ರಲ್ಲಿ. ಬುಲೆಟ್ ರೈಲು ನಿಲ್ಲುವ ಶಿನ್-ಒಸಾಕಾ, ಉತ್ತರದ ಉಮೇದಾ, ದಕ್ಷಿಣದ ನಂಬಾ, ತೆನ್ನೋಜಿ ಎಲ್ಲವೂ ಇದರ ಮೇಲಿವೆ. ಅಂತಾರಾಷ್ಟ್ರೀಯ ವಿಮಾನಗಳು ಇಳಿಯುವ ಕನ್ಸಾಯ್ ವಿಮಾನ ನಿಲ್ದಾಣ, ಸಮುದ್ರದಲ್ಲಿ ಕೃತಕ ದ್ವೀಪ ಕಟ್ಟಿ 1994ರಲ್ಲಿ ತೆರೆದದ್ದು. ಅದು ನಗರದಿಂದ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿಂದ ನಂಬಾಗೆ ನಂಕಾಯ್ ರೈಲು ನೇರ. ಹರುಕಾ ರೈಲು ಶಿನ್-ಒಸಾಕಾಗೆ ಹೋಗುತ್ತದೆ. 2023ರಿಂದ ಉಮೇದಾದಲ್ಲಿರುವ ಒಸಾಕಾ ನಿಲ್ದಾಣದಲ್ಲೂ ನಿಲ್ಲುತ್ತದೆ. ನಡುರಾತ್ರಿಯ ಹೊತ್ತಿಗೆ ರೈಲುಗಳು ನಿಂತುಹೋಗುತ್ತವೆ, ಟ್ಯಾಕ್ಸಿ ಬಲು ದುಬಾರಿ. ರಾತ್ರಿ ತಡವಾಗಿ ಇಳಿಯುವವರು ಇದನ್ನು ಮರೆಯಬಾರದು. ಚಿಕ್ಕ ಹೋಟೆಲುಗಳಲ್ಲಿ ರಾತ್ರಿ ಕೌಂಟರ್ ಮುಚ್ಚುವುದೂ ಉಂಟು, ತಲುಪುವ ವೇಳೆಯನ್ನು ಮೊದಲೇ ತಿಳಿಸಿ.

ಅಗ್ಗದ ಕೋಣೆ ಹಿಡಿಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಶಿನ್-ಇಮಾಮಿಯಾ ನಿಲ್ದಾಣದ ಸುತ್ತ ಹಿಂದೆ ದಿನಗೂಲಿ ಕಾರ್ಮಿಕರು ತಂಗುತ್ತಿದ್ದ ವಸತಿಗೃಹಗಳಲ್ಲಿ ಎಷ್ಟೋ ಇಂದು ಪ್ರವಾಸಿಗರ ಅಗ್ಗದ ಹೋಟೆಲುಗಳಾಗಿವೆ. ಕೋಣೆ ಮೂರು ಚಾಪೆಯಷ್ಟು, ಸ್ನಾನಗೃಹ ಹಲವೆಡೆ ಸಾಮೂಹಿಕ. ಆದರೆ ಮಿದೊಸುಜಿ ಮಾರ್ಗ ಕಾಲ್ನಡಿಗೆಯಲ್ಲಿದೆ. ಬೀದಿ ನಿಮಗೆ ಒಗ್ಗುತ್ತದೆಯೇ ಎಂದು ವಿಚಾರಿಸಿಕೊಂಡರೆ, ನಾನು ಹಿಡಿದ ದೂರದ ಕೋಣೆಗಿಂತ ಇದು ಎಷ್ಟೋ ಮೇಲು.

ಎರಡನೆಯದು, ಕೋಣೆಯ ಬಗೆ. ‘ಬಿಸಿನೆಸ್ ಹೋಟೆಲ್’ ಎಂಬುದು ಅಲ್ಲಿನ ಸಾಮಾನ್ಯ ನೌಕರವರ್ಗದ ವಸತಿ. ಕೋಣೆ ಸುಮಾರು 12 ಚದರ ಮೀಟರ್, ಅಂದರೆ 130 ಚದರ ಅಡಿ. ಮಂಚದ ಪಕ್ಕ ಜಾನಮಾಜ್ ಹಾಸಲು ಹೇಗೋ ಜಾಗ ಸಿಗುತ್ತದೆ. ಸ್ನಾನಗೃಹ ಒಳಗೇ ಇರುತ್ತದೆ. ಶೌಚಾಲಯದಲ್ಲಿ ಸಾಮಾನ್ಯವಾಗಿ ನೀರು ಚಿಮ್ಮಿಸುವ ಸೌಕರ್ಯವೂ ಉಂಟು, ನಮ್ಮವರಿಗೆ ಇದು ದೊಡ್ಡ ಸಮಾಧಾನ. ಕ್ಯಾಪ್ಸೂಲ್ ಹೋಟೆಲ್ ಜನಿಸಿದ್ದೇ ಒಸಾಕಾದ ಉಮೇದಾದಲ್ಲಿ, 1979ರಲ್ಲಿ. ನೋಡಲು ಸೋಜಿಗ, ದರವೂ ಕಡಿಮೆ. ಆದರೆ ಅದು ಮಲಗಲು ಒಂದು ಗೂಡು ಅಷ್ಟೇ. ನಮಾಜಿಗೆ ಜಾಗವಿಲ್ಲ, ಅನೇಕ ಕಡೆ ಸ್ನಾನ ಸಾಮೂಹಿಕ, ಅದೂ ಬಟ್ಟೆಯಿಲ್ಲದೆ. ಸಾಂಪ್ರದಾಯಿಕ ವಸತಿಗೃಹವಾದ ‘ರ್‍ಯೊಕಾನ್’ಗಳಲ್ಲೂ ಸ್ನಾನದ ಪದ್ಧತಿ ಹೀಗೆಯೇ. ಕೋಣೆಗೆ ಪ್ರತ್ಯೇಕ ಸ್ನಾನಗೃಹ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಮೂರನೆಯದು, ಊಟ. ಬೆಳಗಿನ ಉಪಾಹಾರ ಸೇರಿದ ದರವನ್ನು ವಿಚಾರಿಸದೆ ಒಪ್ಪಿಕೊಳ್ಳಬೇಡಿ. ಸಾರಿನಲ್ಲಿ ಹಂದಿಮಾಂಸ, ಮೀನಿನ ಅಡುಗೆಯಲ್ಲಿ ‘ಮಿರಿನ್’ ಎಂಬ ಮದ್ಯಾಂಶದ ಸಿಹಿರಸ ಇರಬಹುದು. ಜುಮಾ ನಮಾಜಿಗೆ ಉಮೇದಾ ಅನುಕೂಲ. ನಗರದ ನಿಶಿಯೊಡೊಗಾವಾ ವಾರ್ಡಿನಲ್ಲಿ ಮಸೀದಿ ಇದೆ. ಕೋಬೆ ನಗರಕ್ಕೂ ಉಮೇದಾದಿಂದ ಅರ್ಧ ಗಂಟೆಯ ರೈಲು ದಾರಿ. 1935ರಲ್ಲಿ ಕಟ್ಟಿದ ಕೋಬೆ ಮಸೀದಿ ಜಪಾನಿನ ಮೊದಲ ಮಸೀದಿ. ಅದಕ್ಕೆ ದೇಣಿಗೆ ಕೊಟ್ಟವರಲ್ಲಿ ಭಾರತದ ವರ್ತಕರೂ ಇದ್ದರು. 1945ರ ಬಾಂಬ್ ದಾಳಿಯನ್ನೂ 1995ರ ಭೂಕಂಪವನ್ನೂ ತಾಳಿಕೊಂಡು ಅದು ನಿಂತಿದೆ.

ಕೊನೆಯದಾಗಿ ಕೆಲವು ಚಿಕ್ಕ ಸಂಗತಿಗಳು. ಅಲ್ಲಿ ದರ ಹೆಚ್ಚಾಗಿ ಕೋಣೆಗಲ್ಲ, ತಲೆಗೆ. ಇಬ್ಬರಿದ್ದರೆ ಇಬ್ಬರೆಂದೇ ಬರೆಯಿರಿ. ‘ಸೆಮಿ-ಡಬಲ್’ ಎಂದರೆ ಒಬ್ಬರಿಗೆ ಧಾರಾಳ, ಇಬ್ಬರಿಗೆ ಇಕ್ಕಟ್ಟು. ಧೂಮಪಾನದ ಕೋಣೆಗಳು ಇನ್ನೂ ಇವೆ, ಬೇಡವೆಂದು ಮೊದಲೇ ತಿಳಿಸಿ. ವಿದ್ಯುತ್ 100 ವೋಲ್ಟ್, ಪ್ಲಗ್ ಎರಡು ಚಪ್ಪಟೆ ಕಡ್ಡಿಗಳದ್ದು. ಮನೆಯ ಇಸ್ತ್ರಿಪೆಟ್ಟಿಗೆ ಹೊತ್ತೊಯ್ಯಬೇಡಿ. ಪಾಸ್‌ಪೋರ್ಟ್ ಪ್ರತಿ ತೆಗೆದುಕೊಳ್ಳುತ್ತಾರೆ, ಅದು ಅಲ್ಲಿನ ನಿಯಮ, ಗಾಬರಿ ಬೇಡ. 2017ರಿಂದ ಒಸಾಕಾದಲ್ಲಿ ವಸತಿ ತೆರಿಗೆಯೂ ಇದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಚೆರ್ರಿ ಹೂ ಅರಳುವ ಮಾರ್ಚ್ ಕೊನೆ–ಏಪ್ರಿಲ್ ಮೊದಲು, ಹಾಗೂ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಸಾಲು ರಜೆಗಳಲ್ಲಿ ಕೋಣೆ ಸಿಗುವುದೇ ಕಷ್ಟ. ತಿಂಗಳುಗಳ ಮೊದಲೇ ಕಾಯ್ದಿರಿಸಿ.

ಮಿತ್ರರೇ, ನಿಮ್ಮನ್ನು ಕಳುಹಿಸಲು ಮನೆಯವರು ಒಡವೆ ಅಡವಿಟ್ಟಿರಬಹುದು, ಸಂಘದ ಸದಸ್ಯರು ಕೈಜೋಡಿಸಿರಬಹುದು. ಆ ಹಣವನ್ನು ಮಿತವಾಗಿ ಖರ್ಚು ಮಾಡುವುದು ನಿಮ್ಮ ಕರ್ತವ್ಯ. ಆದರೆ ಯಾವ ಕೆಲಸಕ್ಕಾಗಿ ಕಳುಹಿಸಿದರೋ ಆ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ, ನಿದ್ದೆ ಮಾಡಿದ ಕಣ್ಣುಗಳೊಂದಿಗೆ ಹಾಜರಾಗುವುದು ಅದಕ್ಕಿಂತ ದೊಡ್ಡ ಕರ್ತವ್ಯ. ಕೋಣೆ ಹಿಡಿಯುವಾಗ ಈ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡಿ.