ಹುರಿದುಂಬಿಸುವುದೂ ದಾನ



‘ಹುರಿದುಂಬಿಸು’ ಎಂಬ ಪದದ ಅರ್ಥವನ್ನು ದೊಡ್ಡಬಳ್ಳಾಪುರದ ನಾವು ಮಗ್ಗದ ಮನೆಯಲ್ಲೇ ಕಾಣಬಹುದು. ಹುರಿ ಎಂದರೆ ಎಳೆಗೆ ಹಾಕುವ ತಿರುವು. ಹುರಿಯಿಲ್ಲದ ರೇಷ್ಮೆ ಎಳೆ ಹಿಂಜಿಹೋಗುತ್ತದೆ, ಬೇಗ ತುಂಡಾಗುತ್ತದೆ. ಹುರಿ ಮಾಡಿದರೆ ಅದೇ ಎಳೆ ಮಗ್ಗದ ಸೆಳೆತವನ್ನು ತಾಳುತ್ತದೆ. ಹುರಿ ಮತ್ತು ತುಂಬಿಸು ಸೇರಿ ಈ ಪದವಾಯಿತು: ಇರುವ ಎಳೆಗೇ ಬಲ ತುಂಬುವುದು.

ಪವಿತ್ರ ಕುರ್‌ಆನಿನ 107ನೇ ಅಧ್ಯಾಯ ಅಲ್ ಮಾಊನ್‌ನಲ್ಲಿ ಇದಕ್ಕೆ ಹತ್ತಿರದ ‘ಯಹುದ್ದು’ ಎಂಬ ಪದವಿದೆ. ಪ್ರೇರೇಪಿಸುತ್ತಾನೆ ಎಂದು ಅದರರ್ಥ. ಬಡವನಿಗೆ ಉಣಿಸಲು ಪ್ರೇರೇಪಿಸದವನನ್ನು ಅಲ್ಲಾಹನು ಅಲ್ಲಿ ಖಂಡಿಸುತ್ತಾನೆ. ಹಾಗಾದರೆ ‘ನನ್ನ ಕೈ ಖಾಲಿ’ ಎಂಬ ನೆಪವೂ ಉಳಿಯಲಿಲ್ಲ. ಕೊಡಲು ಇಲ್ಲದವನಿಗೂ ನಾಲಿಗೆಯಿದೆ.

ಮಗ್ಗ ನಿಂತುಹೋದ ಮನೆಯ ಮಗ ಹತ್ತನೇ ತರಗತಿ ಮುಗಿಸಿ, ಓದು ಬಿಟ್ಟು ಕೂಲಿಗೆ ಹೊರಟಾಗ ನಾವು ಸುಮ್ಮನಿದ್ದೇವೆ. ಅವನ ಕಾಲೇಜು ಶುಲ್ಕ ಕಟ್ಟಲು ನಮ್ಮಿಂದಾಗದಿರಬಹುದು. ಅವನ ತಂದೆಯ ಜೊತೆ ಕೂತು ಮಾತಾಡಬಹುದು; ಕಟ್ಟಬಲ್ಲವರ ಬಾಗಿಲಿಗೆ ನಾವೇ ಹೋಗಿ ಕೇಳಬಹುದು. ಒಳಿತಿನ ಕಡೆಗೆ ಹೇಳುವುದೂ ದಾನವೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಇಂದು ನಮಾಝ್ ಮುಗಿಸಿ ಅಂಥ ಒಂದು ಮನೆಗೆ ಹೋಗಿಬರೋಣ. ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.